ಎಷ್ಟು ಪ್ರಬಂಧ, ಎಷ್ಟು ಉಲ್ಲೇಖ?
(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ಕೊಚ್ಚಿಗೆ ಹೋದಾಗ ನೀವು ತ್ರಿಪ್ಪುಣಿತ್ತುರದ ಹಿಲ್ ಪ್ಯಾಲೇಸ್ ನೋಡಿರಬಹುದು. ಕೊಚ್ಚಿ ಅರಸರ ಅರಮನೆ, ಈಗ ವಸ್ತುಸಂಗ್ರಹಾಲಯ. 2024ರ ಮಾರ್ಚ್‌ನಿಂದ ಕೊಚ್ಚಿ ಮೆಟ್ರೊ ತ್ರಿಪ್ಪುಣಿತ್ತುರದವರೆಗೂ ಓಡುತ್ತಿದೆ. ಅಲ್ಲಿ ಹತ್ತಿ ಎರ್ನಾಕುಲಂ ಕಡೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಮಹಾರಾಜಾಸ್ ಕಾಲೇಜು ಎಂಬ ನಿಲ್ದಾಣ ಬರುತ್ತದೆ. ಆ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ನಾರಾಯಣ ಅಯ್ಯರ್ ಎಂಬ ಮೇಷ್ಟ್ರಿಗೆ 1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಒಬ್ಬ ಮಗ ಹುಟ್ಟಿದ. ಆತನೇ ಮುಂದೆ ಜಿ. ಎನ್. ರಾಮಚಂದ್ರನ್ ಎಂದು ಹೆಸರಾದ ವಿಜ್ಞಾನಿ. ಅಣುಜೀವವಿಜ್ಞಾನ ಓದುವ ಯಾವ ದೇಶದ ವಿದ್ಯಾರ್ಥಿಯೂ ಅವರ ಹೆಸರು ಕೇಳದೆ ಪರೀಕ್ಷೆ ದಾಟುವುದು ಕಷ್ಟ.

ಇವತ್ತು ಅವರ ನೆನಪೇಕೆ ಎನ್ನುತ್ತೀರಾ? ನಿಮ್ಮ ಮನೆಯಲ್ಲೋ ನೆಂಟರಲ್ಲೋ ಪಿಎಚ್.ಡಿ. ಮಾಡುತ್ತಿರುವ ಮಗಳೋ ಅಳಿಯನೋ ಇದ್ದರೆ, ಅವರನ್ನು ಜನ ಕೇಳುವ ಮೊದಲ ಪ್ರಶ್ನೆ ನಿಮಗೆ ಗೊತ್ತೇ ಇದೆ: “ಎಷ್ಟು ಪೇಪರ್ ಆಯ್ತು?” ಎರಡನೆಯದು, “ಎಷ್ಟು ಸೈಟೇಶನ್ ಬಂತು?” ಎಸ್ಸೆಸ್ಸೆಲ್ಸಿ ಅಂಕ ಕೇಳಿದ ಹಾಗೆ. ಈ ಎರಡು ಸಂಖ್ಯೆಗಳ ಮೇಲೆ ಕೆಲಸ, ಬಡ್ತಿ, ಅನುದಾನ ಎಲ್ಲವೂ ನಿಂತಿವೆ. ಅವು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ರಾಮಚಂದ್ರನ್ ಅವರ ಕಥೆಯಷ್ಟು ಚೆನ್ನಾಗಿ ತಿಳಿಸುವುದು ಇನ್ನೊಂದಿಲ್ಲ.

ಮೊದಲು ಲೆಕ್ಕದ ವಿಷಯ. ಒಬ್ಬ ವಿಜ್ಞಾನಿ ತನ್ನ ಪ್ರಬಂಧದಲ್ಲಿ ಇನ್ನೊಬ್ಬರ ಪ್ರಬಂಧವನ್ನು ಹೆಸರಿಸಿದರೆ ಅದು ಒಂದು ಉಲ್ಲೇಖ. ಇದೇ ಸೈಟೇಶನ್. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಇಂಥ ಉಲ್ಲೇಖಗಳ ಸೂಚಿಯನ್ನು ಪ್ರಕಟಿಸಲು ಆರಂಭಿಸಿದರು. ಯಾವ ವಿಚಾರ ಎಲ್ಲಿಂದ ಎಲ್ಲಿಗೆ ಹರಿಯಿತು ಎಂದು ಹುಡುಕುವುದಕ್ಕೆ ಮಾಡಿದ ಸಾಧನ ಅದು. ಕಾಲಕ್ರಮದಲ್ಲಿ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಎಚ್-ಸೂಚ್ಯಂಕ ಎಂಬ ಅಳತೆಯನ್ನು ಸೂಚಿಸಿದರು. ನಿಮ್ಮ ಹತ್ತು ಪ್ರಬಂಧಗಳಿಗೆ ತಲಾ ಹತ್ತಾದರೂ ಉಲ್ಲೇಖ ಬಂದಿದ್ದರೆ ನಿಮ್ಮ ಸೂಚ್ಯಂಕ ಹತ್ತು. ಎರಡೇ ಪ್ರಬಂಧ ಬರೆದು, ಎರಡಕ್ಕೂ ಸಾವಿರಗಟ್ಟಲೆ ಉಲ್ಲೇಖ ಬಂದರೂ ಸೂಚ್ಯಂಕ ಎರಡೇ!

ಈಗ ರಾಮಚಂದ್ರನ್ ಅವರ ಕಡೆ ಬರೋಣ. 1942ರಲ್ಲಿ ಅವರು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ವಿದ್ಯುತ್ ಎಂಜಿನಿಯರಿಂಗ್ ಕಲಿಯಲು ಬಂದರು. ಸರ್ ಸಿ. ವಿ. ರಾಮನ್ ಅವರ ಕಣ್ಣಿಗೆ ಬಿದ್ದು ಭೌತವಿಜ್ಞಾನಕ್ಕೆ ಹೊರಳಿದರು. ಕೇಂಬ್ರಿಜ್‌ನಲ್ಲಿ ಎರಡು ವರ್ಷ ಕಳೆದು ಬಂದು, 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಆಗ ಇನ್ನೂ ಮೂವತ್ತರ ಆಸುಪಾಸು.

ಅಲ್ಲಿ ಅವರು ಕೈಗೆತ್ತಿಕೊಂಡದ್ದು ಕೊಲಾಜೆನ್. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಹಿಡಿದಿಟ್ಟಿರುವ ಪ್ರೋಟೀನ್ ಇದು. ಅದರ ಒಳ ರಚನೆ ಆಗ ಬಗೆಹರಿದಿರಲಿಲ್ಲ. ಪಕ್ಕದ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ಸ್ನಾಯುರಜ್ಜು ಸಿಕ್ಕಿತು. ಗೋಪಿನಾಥ ಕರ್ತಾ ಅವರೊಡನೆ ಅದರ ಎಕ್ಸ್-ರೇ ಚಿತ್ರಗಳನ್ನು ಪರಿಶೀಲಿಸಿ, 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ರಚನೆಯನ್ನು ಸೂಚಿಸಿದರು. ಮರುವರ್ಷ ಅದನ್ನು ತಿದ್ದಿ ಮತ್ತೊಂದು ಪ್ರಬಂಧ ಬರೆದರು. ಮೂರು ಎಳೆಗಳು ಒಂದಕ್ಕೊಂದು ಸುತ್ತಿಕೊಂಡ ಸುರುಳಿ ಅದು. ಮೂರು ಕಾಲಿನ ಜಡೆಯನ್ನು ಕಣ್ಣ ಮುಂದೆ ತಂದುಕೊಳ್ಳಿ, ಹೆಚ್ಚುಕಡಿಮೆ ಹಾಗೆ.

ಆಗ ಆಕ್ಷೇಪಣೆ ಬಂತು. ಡಿ.ಎನ್.ಎ. ರಚನೆ ಕಂಡುಹಿಡಿದು ಹೆಸರಾಗಿದ್ದ ಫ್ರಾನ್ಸಿಸ್ ಕ್ರಿಕ್, ಅಲೆಕ್ಸಾಂಡರ್ ರಿಚ್ ಅವರೊಂದಿಗೆ 1955ರಲ್ಲಿ ‘ನೇಚರ್’ನಲ್ಲೇ ಬರೆದರು. ಮೂರೆಳೆಯ ಮಾತು ಸರಿ, ಆದರೆ ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರಾ ಒತ್ತೊತ್ತಾಗಿವೆ ಎಂಬುದು ಅವರ ತಕರಾರು.

ಇಲ್ಲೊಂದು ಸೂಕ್ಷ್ಮ ಗಮನಿಸಿ. ಉಲ್ಲೇಖ ಎಣಿಸುವವರ ಪುಸ್ತಕದಲ್ಲಿ ಈ ತಕರಾರೂ ಒಂದು ಉಲ್ಲೇಖವೇ. ಮೆಚ್ಚಿ ಹೆಸರಿಸಿದರೂ ಒಂದು, ತಪ್ಪು ತೋರಿಸಲು ಹೆಸರಿಸಿದರೂ ಒಂದು. ಎಣಿಕೆಗೆ ದನಿಯ ಏರಿಳಿತ ಕೇಳಿಸುವುದಿಲ್ಲ.

ರಾಮಚಂದ್ರನ್ ಸಿಟ್ಟಿಗೇಳಬಹುದಿತ್ತು, ಸುಮ್ಮನಾಗಲೂಬಹುದಿತ್ತು. ಅವರು ಬೇರೆಯದೇ ಪ್ರಶ್ನೆ ಹಾಕಿಕೊಂಡರು. ಹಾಗಾದರೆ ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಹುದು? ರಚನೆ ಗೊತ್ತಿದ್ದ ಹರಳುಗಳ ವಿವರಗಳನ್ನು ಕಲೆಹಾಕಿ, ಶಿಷ್ಯರಾದ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ಲೆಕ್ಕ ಹಾಕಿದರು. ಪ್ರೋಟೀನ್ ಎಂಬುದು ಸರಪಳಿ. ಅದರ ಒಂದೊಂದು ಕೊಂಡಿಯೂ ಮುಖ್ಯವಾಗಿ ಎರಡು ಕಡೆ ತಿರುಗಬಲ್ಲದು. ಆದರೆ ಬೇಕಾದ ಹಾಗೆ ತಿರುಗಲಾರದು, ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ನಮ್ಮ ಮೊಣಕೈ ಒಳಕ್ಕೆ ಮಡಚುತ್ತದೆ, ಹಿಂದಕ್ಕೆ ಮಡಚುವುದಿಲ್ಲವಲ್ಲ, ಹಾಗೆ. ಆ ಎರಡು ಕೋನಗಳ ಯಾವ ಜೋಡಿ ಸಾಧ್ಯ, ಯಾವುದು ಅಸಾಧ್ಯ ಎಂದು ಒಂದು ಚೌಕದೊಳಗೆ ಗುರುತಿಸಿದರು. 1963ರಲ್ಲಿ ‘ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ’ಯಲ್ಲಿ ಅದು ಐದೇ ಪುಟಗಳಲ್ಲಿ ಅಚ್ಚಾಯಿತು. ಜಗತ್ತು ಅದನ್ನು ‘ರಾಮಚಂದ್ರನ್ ನಕ್ಷೆ’ ಎಂದು ಕರೆಯಿತು.

ಆ ಐದು ಪುಟಗಳಿಗೆ ಸಾವಿರಾರು ಉಲ್ಲೇಖಗಳು ಬಂದಿವೆ. ಆದರೂ ಅದು ಅದರ ಪೂರ್ತಿ ತೂಕವಲ್ಲ. ಹೊಸ ಪ್ರೋಟೀನಿನ ರಚನೆ ಕಂಡುಹಿಡಿದವರು ಅದು ಸರಿಯೋ ತಪ್ಪೋ ಎಂದು ಇಂದಿಗೂ ಈ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ಜಗತ್ತಿನ ಪ್ರೋಟೀನ್ ರಚನೆಗಳ ಭಂಡಾರದಲ್ಲಿ 2023ರ ಹೊತ್ತಿಗೆ 2 ಲಕ್ಷಕ್ಕೂ ಹೆಚ್ಚು ರಚನೆಗಳು ಸೇರಿದ್ದವು. ಇಷ್ಟು ಮಂದಿಯಲ್ಲಿ ಎಷ್ಟೋ ಜನ 1963ರ ಪ್ರಬಂಧವನ್ನು ಹೆಸರಿಸುವುದಿಲ್ಲ. ಪರೀಕ್ಷೆ ಮಾಡಿಕೊಟ್ಟ ಕಂಪ್ಯೂಟರ್ ತಂತ್ರಾಂಶವನ್ನು ಹೆಸರಿಸುತ್ತಾರೆ, ಇಲ್ಲವೇ ‘ರಾಮಚಂದ್ರನ್ ನಕ್ಷೆ’ ಎಂದಷ್ಟೇ ಬರೆಯುತ್ತಾರೆ. ಕಾಫಿಯಲ್ಲಿ ಕರಗಿದ ಸಕ್ಕರೆಯಂತೆ. ರುಚಿ ಇದೆ, ಕಣ್ಣಿಗೆ ಕಾಣದು. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಈ ಸಂಗತಿಯನ್ನು ಬಹಳ ಹಿಂದೆಯೇ ಗುರುತಿಸಿದ್ದರು. ವಿಚಾರವೊಂದು ಎಲ್ಲರ ಸ್ವತ್ತಾದಾಗ ಅದರ ಮೂಲ ಮರೆಯಾಗುತ್ತದೆ.

ಇನ್ನೊಂದು ಉದಾಹರಣೆ. 1971ರಲ್ಲಿ ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್, ಬೇರೆ ಬೇರೆ ದಿಕ್ಕಿನಿಂದ ತೆಗೆದ ಎಕ್ಸ್-ರೇ ನೆರಳುಗಳಿಂದ ಒಳಗಿನ ಆಕಾರವನ್ನು ಮರಳಿ ಕಟ್ಟುವ ಸುಲಭ ಗಣಿತವನ್ನು ಪ್ರಕಟಿಸಿದರು. ಸಿ.ಟಿ. ಸ್ಕ್ಯಾನ್ ಪಠ್ಯಪುಸ್ತಕಗಳಲ್ಲಿ ಅದು ‘ರಾಮ್-ಲಾಕ್’ ಎಂಬ ಹೆಸರಿನಲ್ಲಿದೆ. ಅದು ಇಬ್ಬರು ಭಾರತೀಯರ ಅರ್ಧರ್ಧ ಹೆಸರು ಎಂದು ಓದುವವರಲ್ಲಿ ಎಷ್ಟು ಮಂದಿಗೆ ಹೊಳೆದೀತು? ಅದೇ ವರ್ಷ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಆರಂಭಿಸಿದರು. ಅಲ್ಲಿ ತಯಾರಾದ ಶಿಷ್ಯರನ್ನು ಯಾವ ಸೂಚ್ಯಂಕ ಎಣಿಸುತ್ತದೆ?

ಹಾಗೆಂದು ಎಣಿಕೆಯೇ ಬೇಡ ಎನ್ನುವುದೂ ಸರಿಯಲ್ಲ. ಶಿಫಾರಸು, ಜಾತಿ, ಪರಿಚಯಗಳ ನಡುವೆ ಸಂಖ್ಯೆಯಾದರೂ ಮುಖ ನೋಡದೆ ಮಾತಾಡುತ್ತದೆ ಎನ್ನುವವರಿದ್ದಾರೆ. ಅದರಲ್ಲಿ ಸತ್ಯವಿದೆ. ಆದರೆ ‘ನೇಚರ್’ 2014ರಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ನೂರು ಪ್ರಬಂಧಗಳ ಪಟ್ಟಿ ಮಾಡಿದಾಗ, ಮೊದಲ ಸ್ಥಾನ ಸಿಕ್ಕಿದ್ದು ಪ್ರೋಟೀನ್ ಪ್ರಮಾಣ ಅಳೆಯುವ ವಿಧಾನ ಹೇಳಿದ 1951ರ ಪ್ರಬಂಧಕ್ಕೆ. ಉಲ್ಲೇಖ 3 ಲಕ್ಷಕ್ಕೂ ಹೆಚ್ಚು. ಡಿ.ಎನ್.ಎ. ರಚನೆ ತಿಳಿಸಿದ 1953ರ ಪ್ರಬಂಧ ನೂರರೊಳಗೇ ಇರಲಿಲ್ಲ!

ನಮ್ಮಲ್ಲಿ ಈ ಎಣಿಕೆಯ ಬೆಲೆ ತೆತ್ತವರು ವಿದ್ಯಾರ್ಥಿಗಳು. 2009ರ ಯುಜಿಸಿ ನಿಯಮದ ಪ್ರಕಾರ ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮೊದಲು ಪತ್ರಿಕೆಯೊಂದರಲ್ಲಿ ಲೇಖನ ಬರಲೇಬೇಕಿತ್ತು. ಫಲವಾಗಿ ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳಿಗೆ ಸುಗ್ಗಿಯಾಯಿತು. 2022ರ ನಿಯಮಗಳಲ್ಲಿ ಆ ಕಡ್ಡಾಯವನ್ನು ಕೈಬಿಟ್ಟರು. ನಿಯಮ ಹೋಯಿತು, ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಬೆಂಗಳೂರಿರಲಿ, ತಿರುವನಂತಪುರವಿರಲಿ, ಪ್ರಯೋಗಾಲಯದ ಹುಡುಗ ಹುಡುಗಿಯರು ಈಗಲೂ ಸಂಖ್ಯೆಯ ಚಿಂತೆಯಲ್ಲೇ ನಿದ್ದೆಗೆಡುತ್ತಾರೆ.

ಆದ್ದರಿಂದ ಕೇಳುಗರೇ, ನಿಮ್ಮಲ್ಲಿ ಒಂದು ಕೋರಿಕೆ. ನೀವು ಆಯ್ಕೆ ಸಮಿತಿಯಲ್ಲಿ ಕುಳಿತವರಾಗಿರಿ, ಮನೆಯ ಹಿರಿಯರಾಗಿರಿ, ಮುಂದಿನ ಸಲ ಸಂಶೋಧಕರನ್ನು ಕಂಡಾಗ “ಎಷ್ಟು ಪೇಪರ್?” ಎನ್ನುವ ಬದಲು “ಯಾವ ಪೇಪರ್? ಅದರಿಂದ ಏನು ಗೊತ್ತಾಯಿತು?” ಎಂದು ಕೇಳಿ. ಉತ್ತರ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಮತ್ತೆ, ಯಾರಾದರೂ ಅವರ ಕೆಲಸದಲ್ಲಿ ತಪ್ಪು ಹುಡುಕಿದ್ದಾರೆ ಎಂದು ಮುಖ ಸಪ್ಪಗೆ ಮಾಡಿಕೊಂಡಿದ್ದರೆ, ಎರ್ನಾಕುಲಂನ ಗಣಿತ ಮೇಷ್ಟ್ರ ಮಗನ ಕಥೆ ಹೇಳಿ. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ತೀರಿಕೊಂಡ ಅವರ ಹೆಸರನ್ನು ಉಳಿಸಿದ್ದು ಐದು ಪುಟಗಳ ಒಂದು ಪ್ರಬಂಧ. ಆ ಪ್ರಬಂಧಕ್ಕೆ ದಾರಿ ಮಾಡಿಕೊಟ್ಟದ್ದು ಒಂದು ಆಕ್ಷೇಪಣೆ.