ಗೆರೆ ಎಳೆಯುವವರ ನಡೆ
(ಕಲ್ಯದ ಚಿಂತನಗೋಷ್ಠಿಯಲ್ಲಿ ಆಡಿದ ಮಾತು)



ಪಾಲ್ಕುರಿಕೆ ಸೋಮನಾಥರ ನೆನಪಿರುವ ಈ ಕಲ್ಯದಲ್ಲಿ ನಾನು ಕ್ಷೇತ್ರ ವಿಂಗಡಣೆಯ ಮಾತೆತ್ತಿದರೆ ಕೆಲವರಿಗೆ ರಾಜಕೀಯ ಎನಿಸಬಹುದು. ಆದರೆ ಈ ಊರಿನ ಶಾಸನವೇ ಅದಕ್ಕೆ ದಾರಿ ಕೊಡುತ್ತದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಿದ್ದಾಗ ಬುಕ್ಕರಾಯ ಎರಡೂ ಕಡೆಯವರ ಸಮ್ಮುಖದಲ್ಲಿ ತೀರ್ಮಾನ ಕೊಟ್ಟ. ಅದನ್ನು ಶ್ರವಣಬೆಳಗೊಳದಲ್ಲೂ ಇಲ್ಲಿಯೂ ಕಲ್ಲಿಗೆ ಹಾಕಿಸಿದರು. ಮರೆಯಲ್ಲಿ ಆದ ತೀರ್ಮಾನವನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ.

ನಮ್ಮ ಕಾಲಕ್ಕೆ ಬರೋಣ. 2008ರ ಮರುವಿಂಗಡಣೆಯಲ್ಲಿ ಸಾತನೂರು ವಿಧಾನಸಭಾ ಕ್ಷೇತ್ರವೂ ಕನಕಪುರ ಲೋಕಸಭಾ ಕ್ಷೇತ್ರವೂ ಇಲ್ಲವಾದವು. ಆ ಆಯೋಗದಲ್ಲಿ ನಮ್ಮ ರಾಜ್ಯದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರು. ಅವರು ಸಲಹೆ ಹೇಳಬಹುದು; ಮತ ಹಾಕುವಂತಿಲ್ಲ, ತೀರ್ಮಾನಕ್ಕೆ ಸಹಿ ಮಾಡುವಂತಿಲ್ಲ. ಗೆರೆಯಿಂದ ಲಾಭ ಪಡೆಯುವವನು ಗೆರೆ ಎಳೆಯಬಾರದು ಎಂಬುದೇ ಅದರ ಅರ್ಥ. ಕರಡು ಪ್ರಕಟಿಸಿ, ಆಕ್ಷೇಪಣೆಯನ್ನು ಬಹಿರಂಗ ಸಭೆಯಲ್ಲಿ ಕೇಳಬೇಕೆಂಬುದೂ ಕಾಯ್ದೆಯಲ್ಲಿದೆ.

2021ರಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿಯಿತು. ಅದೇ ವರ್ಷ ಕಾಯ್ದೆ ತಿದ್ದಿ, ಕ್ಷೇತ್ರ ಗುರುತಿಸುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟರು. ಆಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳೇ ನಡೆಸಿದರು. ತಡ ಮಾಡುವುದೂ ಒಂದು ಪಕ್ಷಪಾತವೇ.

ಹಾಗಾಗಿ ಇಂಥ ಆಯೋಗದಲ್ಲಿ ಕೂರುವವರಿಗೆ ನಿಯಮ ಬೇಕು. ಕರಡು ಜನರಿಗೆ ತೋರುವ ಮೊದಲು ಯಾವ ಶಾಸಕರಿಗೂ ತೋರಿಸಬಾರದು. ಫೋನಿನಲ್ಲಿ ಬಂದ ಶಿಫಾರಸೂ ಕಡತಕ್ಕೆ ಸೇರಬೇಕು. ಆಕ್ಷೇಪಣೆ ತಳ್ಳಿದರೆ ಕಾರಣ ಬರೆಯಬೇಕು. ಬಸವಣ್ಣನವರ ಮೇಲೆ ಭಂಡಾರದ ದೂರು ಬಂದಾಗ ಅವರು ಲೆಕ್ಕ ತೋರಿಸಿದರೆಂದು ಪುರಾಣಗಳು ಹೇಳುತ್ತವೆಯಲ್ಲ, ಸಿಟ್ಟಾದರೆಂದು ಹೇಳುವುದಿಲ್ಲ.

ಇನ್ನು ಕಹಿಯಾದ ಮಾತು. ನಮ್ಮ ಓಣಿಗಳೆಲ್ಲ ಒಂದೇ ಕ್ಷೇತ್ರದಲ್ಲಿ ಇರಲಿ ಎಂದು ಸ್ವಾಮಿಗಳ ಪತ್ರ ಹಿಡಿದು ಅಧಿಕಾರಿಗಳ ಮನೆಗೆ ಹೋಗುವವರು ನಮ್ಮಲ್ಲೂ ಇದ್ದಾರೆ. ಜಾತಿ ಬಿಡಿಸಿದ ಧರ್ಮವನ್ನು ಜಾತಿಯ ಗೆರೆ ಹಾಕಿಸಲು ಬಳಸುವುದೇ? ಕೆರೆ, ರಸ್ತೆ, ದೂರ, ಜನಸಂಖ್ಯೆ ಇವು ಕೇಳಬಹುದಾದ ಕಾರಣ. ಮುಂದಿನ ಕರಡು ಬಂದಾಗ ನಾವು ಕೊಡುವ ಅರ್ಜಿಯ ಪ್ರತಿಯನ್ನು ಮಠದ ಬಾಗಿಲಿಗೂ ಪಂಚಾಯಿತಿಯ ಫಲಕಕ್ಕೂ ಅಂಟಿಸೋಣ. ಅಂಟಿಸಲು ನಾಚಿಕೆಯಾಗುವ ಅರ್ಜಿಯನ್ನು ಕೊಡುವುದೇ ಬೇಡ.