ಬೆಳೆದವರ ಕೈಯಿಂದ
(ದುವ್ವಾಡದಲ್ಲಿ ನಡೆದ ರಾಜ್ಯೋತ್ಸವ ಸಮಾರಂಭದಲ್ಲಿ ಸಂಘದ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ಊಟಕ್ಕೆ ಮುಂಚೆ ಭಾಷಣ ಮಾಡುವವನು ಎರಡು ಸಂಗತಿಗಳನ್ನು ಮರೆಯಬಾರದು. ಸಭಿಕರು ಹಸಿದಿದ್ದಾರೆ ಎಂಬುದು ಒಂದು. ಒಳಗಿನಿಂದ ಬರುತ್ತಿರುವ ಹುಳಿಯ ಪರಿಮಳದ ಮುಂದೆ ತನ್ನ ಮಾತು ಸಪ್ಪೆ ಎಂಬುದು ಇನ್ನೊಂದು. ಆದುದರಿಂದ ಆ ಹುಳಿಯ ವಿಷಯವನ್ನೇ ಮಾತನಾಡುವುದು ಲೇಸೆಂದು ತೀರ್ಮಾನಿಸಿ ಬಂದಿದ್ದೇನೆ.

ಇಂದಿನ ಹುಳಿಗೆ ಬಿದ್ದಿರುವ ಬದನೆಕಾಯಿಯನ್ನು ಬೆಳೆದವರು ಯಾರು? ಬೆಳಿಗ್ಗೆ ನಮ್ಮ ಕಾರ್ಯದರ್ಶಿಗಳನ್ನು ಕೇಳಿದೆ. “ಅಂಗಡಿಯಿಂದ ಬಂತು, ಸ್ವಾಮಿ” ಎಂದರು. ಅಂಗಡಿಗೆ? “ಲಾರಿಯಲ್ಲಿ ಬಂದಿರಬೇಕು.” ಲಾರಿಗೆ? ಅಲ್ಲಿಗೆ ನಮ್ಮ ವಿಚಾರಣೆ ನಿಂತುಹೋಯಿತು. ಕಾರ್ಯದರ್ಶಿಗಳ ಮೇಲೆ ನಾನು ತಪ್ಪು ಹೊರಿಸುತ್ತಿಲ್ಲ. ನನ್ನ ಮನೆಯಲ್ಲಿ ಇದೇ ಪ್ರಶ್ನೆ ಕೇಳಿದ್ದರೂ ಉತ್ತರ ಅಷ್ಟರಲ್ಲಿಯೇ ಮುಗಿಯುತ್ತಿತ್ತು.

1956ರ ನವೆಂಬರ್ 1ರಂದು ಕನ್ನಡಿಗರ ನಾಡು ಒಂದಾಯಿತು. ಆಂಧ್ರಪ್ರದೇಶವು ಹುಟ್ಟಿದುದೂ ಅದೇ ದಿನ. ಒಂದೇ ದಿನ ತೊಟ್ಟಿಲು ಕಟ್ಟಿದ ಎರಡು ಮನೆಗಳಿವು. ನಾವು ಒಂದು ಮನೆಯಲ್ಲಿ ಹುಟ್ಟಿ ಇನ್ನೊಂದರಲ್ಲಿ ಉಣ್ಣುತ್ತಿರುವವರು. ಹುಟ್ಟಿದ ಮನೆಯನ್ನು ವರ್ಷಕ್ಕೊಮ್ಮೆ ಹೀಗೆ ಹಾಡಿ ಹೊಗಳುತ್ತೇವೆ. ಉಣ್ಣುವ ಮನೆಯಲ್ಲಿ ಬಡಿಸುವವರ ಮುಖವನ್ನಾದರೂ ನೋಡಬೇಡವೆ? ನಾನು ಹೇಳಬೇಕೆಂದಿರುವುದು ಇಷ್ಟೆ.

ನಾನು ಇಲ್ಲಿಗೆ ಬಂದುದು 1988ರಲ್ಲಿ. ಕಾರ್ಖಾನೆಯ ಕಟ್ಟಡಗಳು ಏಳುತ್ತಿದ್ದ ಕಾಲ. ಉಕ್ಕುನಗರವೆಂಬ ಹೆಸರು ಕೇಳಿ ನನಗೆ ಧೈರ್ಯ ಬಂತು. ಉಕ್ಕು ಎಂಬ ಮಾತು ತೆಲುಗಿಗೂ ಸೈ, ಕನ್ನಡಕ್ಕೂ ಸೈ. ಇನ್ನು ಭಾಷೆಯ ತೊಂದರೆ ಏನಿದ್ದೀತು ಎಂದುಕೊಂಡೆ. ಮರುದಿನವೇ ತರಕಾರಿ ತರಲು ಹೋಗಿ, ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೆಂಗಸನ್ನು “ಸೊಪ್ಪು ಇದೆಯೇನಮ್ಮಾ?” ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮನೆಯಲ್ಲಿ ಹಸು ಕಟ್ಟಿದ್ದೀರಾ ಬಾಬೂ?” ಎಂದಳು. ತೆಲುಗಿನಲ್ಲಿ ಚೊಪ್ಪ ಎಂದರೆ ಜೋಳದ ದಂಟಿನ ಮೇವು! ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ದಿನ ಕಲಿತ ‘ಆಕುಕೂರ’ ಎಂಬ ಮಾತನ್ನು ಈವರೆಗೆ ಮರೆತಿಲ್ಲ.

ಸಬ್ಬವರದ ಕಡೆಯ ಹಳ್ಳಿಯ ಹೆಂಗಸು ಆಕೆ. ಅರ್ಧ ಎಕರೆಯಷ್ಟು ನೆಲದಲ್ಲಿ ತೊಂಡೆಯ ಚಪ್ಪರ, ಒಂದಿಷ್ಟು ಬದನೆ, ಬದುವಿನ ಮೇಲೆ ಸೋರೆ. ನನ್ನ ಮನೆಯಾಕೆ ಮುದ್ದೆಗೆ ರಾಗಿ ಸಿಗದೆ ಕೊರಗುತ್ತಿದ್ದುದನ್ನು ಒಂದು ದಿನ ಕೈಸನ್ನೆಯಲ್ಲಿ, ಅರೆಬರೆ ತೆಲುಗಿನಲ್ಲಿ ಆಕೆಗೆ ವಿವರಿಸಿದಳು. “ಓ, ಚೋಳ್ಳು!” ಎಂದು ಆಕೆ ಕೂಗಿದಳು. ಈ ಉತ್ತರಾಂಧ್ರದ ಹಳ್ಳಿಗಳಲ್ಲಿ ರಾಗಿಯನ್ನು ಚೋಳ್ಳು ಎನ್ನುತ್ತಾರೆ, ಚೋಡಿ ಎನ್ನುತ್ತಾರೆ. ಅದರ ಅಂಬಲಿಯನ್ನು ಕುಡಿದೇ ಗದ್ದೆಗಿಳಿಯುವ ವಾಡಿಕೆ ಇಲ್ಲಿಯದು. ನಾವು ಊರಿನಿಂದ ರೈಲಿನಲ್ಲಿ ಹಿಟ್ಟಿನ ಚೀಲ ಹೊರುತ್ತಿದ್ದೆವು. ರಾಗಿ ನಮ್ಮ ಹಿತ್ತಲಿನಾಚೆಯೇ ಬೆಳೆಯುತ್ತಿತ್ತು. ಹೆಸರು ಗೊತ್ತಿಲ್ಲದೆ ಹೋಗಿದ್ದಿತು, ಅಷ್ಟೆ. ಅಂಗಡಿಯ ಪೊಟ್ಟಣ ಹೆಸರು ಕಲಿಸುವುದಿಲ್ಲ, ಬೆಳೆದವರು ಕಲಿಸುತ್ತಾರೆ.

ಈಗ ಸ್ವಲ್ಪ ಲೆಕ್ಕದ ಮಾತು. ರಿಸರ್ವ್ ಬ್ಯಾಂಕು 2024ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಟೊಮ್ಯಾಟೊಗೆ ನಾವು ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಸೇರುವುದು ಸುಮಾರು 33 ಪೈಸೆ. ಈರುಳ್ಳಿಯಲ್ಲಿ 36, ಆಲೂಗೆಡ್ಡೆಯಲ್ಲಿ 37. ಉಳಿದುದು ಬಾಡಿಗೆ, ಹಮಾಲಿ, ಕಮಿಷನ್, ಕೊಳೆತುಹೋದ ನಷ್ಟ, ಮಧ್ಯದವರ ಲಾಭ ಎಂದು ಹಂಚಿಹೋಗುತ್ತದೆ. ಮಧ್ಯದವರೆಲ್ಲರೂ ಕಳ್ಳರೆಂದು ನಾನು ಹೇಳಲಾರೆ. ಲಾರಿ ಓಡಿಸುವವನೂ ದುಡಿಯುತ್ತಾನೆ, ಮೂಟೆ ಹೊರುವವನೂ ಬೆವರು ಸುರಿಸುತ್ತಾನೆ. ಆದರೆ ಬೆಲೆ ಕುಸಿದಾಗ ಅವರ ಕೂಲಿ ಕುಸಿಯುವುದಿಲ್ಲ. ಕುಸಿಯುವುದು ಬೆಳೆದವನ ಪಾಲು ಮಾತ್ರ. ಕೋಲಾರದಲ್ಲಾಗಲಿ, ಗಡಿಯಾಚೆಯ ಮದನಪಲ್ಲಿಯಲ್ಲಾಗಲಿ, ಬಿಡಿಸಿದ ಕೂಲಿಯೂ ಹುಟ್ಟದೆ ಟೊಮ್ಯಾಟೊವನ್ನು ರಸ್ತೆಗೆ ಸುರಿಯುವ ದೃಶ್ಯವನ್ನು ನಾವೆಲ್ಲರೂ ಕಂಡಿದ್ದೇವೆ. ಎರಡು ರಾಜ್ಯ, ಎರಡು ಭಾಷೆ, ಕಣ್ಣೀರು ಒಂದೇ.

ಇದಕ್ಕೆ ಪರಿಹಾರ ಹುಡುಕಿದವರು ಇಲ್ಲದಿಲ್ಲ. ನಮ್ಮ ಬೆಂಗಳೂರಿನ ಹಾಪ್‌ಕಾಮ್ಸ್ ಅಂಗಡಿಗಳು ನಿಮಗೆಲ್ಲ ಗೊತ್ತು. ಡಾ. ಎಂ. ಎಚ್. ಮರಿಗೌಡರ ಪ್ರೇರಣೆಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆ ಅದು. ಪಂಜಾಬಿನಲ್ಲಿ 1987ರಲ್ಲಿ ‘ಅಪ್ನಿ ಮಂಡಿ’ಗಳು ಬಂದುವು. ಆಂಧ್ರಪ್ರದೇಶದಲ್ಲಿ 1999ರ ಜನವರಿ 26ರಂದು ರೈತು ಬಜಾರುಗಳು ಪ್ರಾರಂಭವಾದುವು. ಅದೇ ವರ್ಷದ ನವೆಂಬರಿನಲ್ಲಿ ಮಧುರೆಯಲ್ಲಿ ತಮಿಳರ ‘ಉಳವರ್ ಸಂದೈ’ ತೆರೆಯಿತು.

ಗಾಜುವಾಕದ ರೈತು ಬಜಾರಿಗೆ ಹೋಗದವರು ನಮ್ಮಲ್ಲಿ ಕಡಮೆ. ಆದರೆ ಅದು ನಡೆಯುವ ಕ್ರಮವನ್ನು ಗಮನಿಸಿದವರು ಇನ್ನೂ ಕಡಮೆ. ರೈತನ ನೆಲವನ್ನೂ ಬೆಳೆಯನ್ನೂ ಅಧಿಕಾರಿಗಳು ನೋಡಿ ಗುರುತಿನ ಚೀಟಿ ಕೊಡುತ್ತಾರೆ. ಕುಳಿತುಕೊಳ್ಳಲು ಬಾಡಿಗೆಯಿಲ್ಲ. ಪ್ರತಿದಿನ ಬೆಳಿಗ್ಗೆ ಸಗಟು ದರಕ್ಕಿಂತ ಹೆಚ್ಚಾಗಿ, ಹೊರಗಿನ ಚಿಲ್ಲರೆ ದರಕ್ಕಿಂತ ಕಡಮೆಯಾಗಿ ಬೆಲೆ ಗೊತ್ತುಮಾಡಿ ಹಲಗೆಯ ಮೇಲೆ ಬರೆಯುತ್ತಾರೆ. ರೈತನಿಗೆ ಮಂಡಿಯಲ್ಲಿ ಸಿಗುವುದಕ್ಕಿಂತ ನಾಲ್ಕು ಕಾಸು ಹೆಚ್ಚು, ನಮಗೆ ಅಂಗಡಿಗಿಂತ ನಾಲ್ಕು ಕಾಸು ಉಳಿತಾಯ. ಈರುಳ್ಳಿ, ಆಲೂಗೆಡ್ಡೆಯಂಥ ಪರಸ್ಥಳದ ಮಾಲನ್ನು ಮಹಿಳೆಯರ ಸ್ವಸಹಾಯ ಸಂಘಗಳು ತಂದು ಮಾರುತ್ತವೆ. ನಮ್ಮ ಸಬ್ಬವರದ ಹೆಂಗಸೂ ಬುಟ್ಟಿ ಹೊತ್ತು ಬೀದಿ ಅಲೆಯುವುದನ್ನು ಬಿಟ್ಟು ಅಲ್ಲಿಯೇ ಕುಳಿತುಕೊಳ್ಳತೊಡಗಿದಳು.

ಈಗ ನಿಮ್ಮಲ್ಲಿ ಹಲವರು ಮರೆಯಲಾರದ ಒಂದು ದಿನವನ್ನು ನೆನಪಿಸುತ್ತೇನೆ. 2014ರ ಅಕ್ಟೋಬರ್ 12, ಭಾನುವಾರ. ಹುಡ್‌ಹುಡ್ ಚಂಡಮಾರುತ. ಮರಗಳು ಬುಡಮೇಲಾದುವು, ವಿದ್ಯುತ್ ಕಂಬಗಳು ಮಲಗಿದುವು, ಹಾಲಿಗೆ ನೀರಿಗೆ ಸಾಲು ನಿಂತೆವು. ಐದನೆಯ ದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ನೋಡಿದರೆ, ತಲೆಯ ಮೇಲೆ ಬುಟ್ಟಿ ಹೊತ್ತು ಆಕೆ ನಿಂತಿದ್ದಳು. ರಸ್ತೆ ಕೆಟ್ಟಿದ್ದ ಕಡೆ ಆಟೋ ಇಳಿದು ನಡೆದು ಬಂದಿದ್ದಳು. ಬುಟ್ಟಿಯಲ್ಲಿ, ಬಿದ್ದ ಚಪ್ಪರದಡಿಯಿಂದ ಆರಿಸಿ ತಂದ ತೊಂಡೆಕಾಯಿ. ಬೆಲೆ ಕೇಳಿದರೆ ಹಿಂದಿನ ವಾರದ ಬೆಲೆಯನ್ನೇ ಹೇಳಿದಳು. “ಹೊರಗೆ ದರ ಎರಡರಷ್ಟಾಗಿದೆಯಲ್ಲಮ್ಮಾ” ಎಂದಳು ನನ್ನ ಮನೆಯಾಕೆ. “ಗಾಳಿ ನನ್ನ ಮನೆಗೂ ಬಂತು, ನಿಮ್ಮ ಮನೆಗೂ ಬಂತು. ಇದರಲ್ಲಿ ಲಾಭ ಮಾಡುವುದೇನಮ್ಮಾ?” ಎಂದಳು ಆಕೆ.

ಚಪ್ಪರ ಮತ್ತೆ ಏಳಬೇಕಾದರೆ ಬಿದಿರು ಬೇಕು, ತಂತಿ ಬೇಕು, ಆಳು ಬೇಕು. ನಮ್ಮ ಬೀದಿಯ ಎಂಟು ಮನೆಯವರು ಸೇರಿ ಮುಂಗಡವಾಗಿ ಹಣ ಕೊಟ್ಟೆವು. ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ನನ್ನ ಮನೆಯಾಕೆ ಲೆಕ್ಕ ಬರೆದಳು. ಯುಗಾದಿಯ ಹೊತ್ತಿಗೆ ಕೊನೆಯ ರೂಪಾಯಿಯೂ ಕಾಯಿಯಾಗಿ ನಮ್ಮ ಮನೆಗಳಿಗೆ ಬಂದು ತೀರಿತ್ತು. ಜಪಾನಿನಲ್ಲಿ 1970ರ ದಶಕದಿಂದ ಗೃಹಿಣಿಯರೂ ರೈತರೂ ಒಪ್ಪಂದ ಮಾಡಿಕೊಂಡು, ನೀನು ಬೆಳೆದುದನ್ನು ನಾವು ಕೊಳ್ಳುತ್ತೇವೆಂದು ಮಾತು ಕೊಟ್ಟು ನಡೆಯುವ ಪದ್ಧತಿಯುಂಟೆಂದು ಆಮೇಲೆ ಓದಿದೆ. ನಮಗೆ ಆ ಪದ್ಧತಿಯ ಹೆಸರೂ ಗೊತ್ತಿರಲಿಲ್ಲ. ಕಷ್ಟ ಬಂದಾಗ ನೆರೆಯವರು ಮಾಡುವುದನ್ನು ಮಾಡಿದೆವು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಭಾಷಣ ಸೊಗಸಾಗಿರುತ್ತಿತ್ತು. ಆದರೆ ಕಥೆ ಇಲ್ಲಿಗೆ ನಿಲ್ಲಲಿಲ್ಲ.

2020ರಲ್ಲಿ ಕೊರೋನಾ ಬಂತು. ಮನೆಯಿಂದ ಹೊರಡಲು ಅಂಜಿಕೆ. ಮಗ ಫೋನಿನಲ್ಲಿ ತರಕಾರಿ ತರಿಸುವುದನ್ನು ಕಲಿಸಿಕೊಟ್ಟ. ರೋಗ ಹೋಯಿತು, ಅಭ್ಯಾಸ ಉಳಿಯಿತು. ಬೆರಳು ಒತ್ತಿದರೆ ಬಾಗಿಲಿಗೆ ಬದನೆಕಾಯಿ! ಮುಂದಿನ ಭಾನುವಾರ ಬಜಾರಿಗೆ ಹೋದರಾಯಿತು ಎಂದು ಎರಡು ವರ್ಷ ಕಳೆದುವು. ಎಂಟು ಮನೆಗಳಲ್ಲಿ ಏಳರ ಕಥೆಯೂ ಇದೇ. ಕೊನೆಗೊಂದು ದಿನ ಹೋದೆ. ಆಕೆಯ ಜಾಗದಲ್ಲಿ ಬೇರೆ ಯಾರೋ ಕುಳಿತಿದ್ದರು. ವಿಚಾರಿಸಿಕೊಂಡು ಹಳ್ಳಿಗೇ ಹೋದೆ. ಚಪ್ಪರವಿದ್ದ ನೆಲದಲ್ಲಿ ಗಾಳಿಮರದ ಸಸಿಗಳು ಎದ್ದಿದ್ದುವು. ನೀರು ಹಾಯಿಸುವುದು ಬೇಡ, ದಿನಾ ಬಿಡಿಸುವುದು ಬೇಡ, ನಾಲ್ಕಾರು ವರ್ಷಕ್ಕೆ ಕಡಿದು ಮಾರಿದರಾಯಿತು. ಆಕೆ ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ನನ್ನನ್ನು ಕಂಡು ಕುರ್ಚಿ ಹಾಕಿ ಮಜ್ಜಿಗೆ ಕೊಟ್ಟಳು. “ಕೆಲವು ದಿನ ಬಸ್ಸಿನ ಚಾರ್ಜೂ ಹುಟ್ಟುತ್ತಿರಲಿಲ್ಲ ಬಾಬೂ” ಎಂದಳು, ಅಷ್ಟೆ. ನಾವು ಬರುವುದನ್ನು ಬಿಟ್ಟುದೇ ಕಾರಣವೆಂದು ಆಕೆ ಹೇಳಲಿಲ್ಲ. ಅದನ್ನು ನಾನು ಹೇಳುತ್ತಿದ್ದೇನೆ.

ಮಹನೀಯರೆ, ದಾನ ಮಾಡಿರೆಂದು ನಾನು ಕೇಳುತ್ತಿಲ್ಲ. ಬಿರುಗಾಳಿಯ ದಿನ ಹಣ ಕೊಡುವುದು ಸುಲಭ. ಅದರಲ್ಲಿ ನಮಗೂ ಹೆಮ್ಮೆಯುಂಟು. ಕಷ್ಟವಾದುದು ಸಾಧಾರಣ ಭಾನುವಾರದಂದು ಚೀಲ ಹಿಡಿದು ಹೊರಡುವುದು. ಸಣ್ಣ ರೈತನನ್ನು ಉಳಿಸುವುದು ನಮ್ಮ ಕನಿಕರವಲ್ಲ, ನಮ್ಮ ವಾಡಿಕೆ.

“ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದಕ್ಕೆ ಸಮಯವೆಲ್ಲಿದೆ?” ಎಂದು ತಾಯಂದಿರು ಕೇಳಬಹುದು. ನ್ಯಾಯವಾದ ಮಾತು. ಚೀಲ ಹೊರುವ ಭಾರವೆಲ್ಲ ಹೆಂಗಸರ ಮೇಲೆಯೇ ಬೀಳಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ನಾಲ್ಕು ಮನೆಯವರು ಸರದಿ ಹಾಕಿಕೊಂಡರೆ ಒಬ್ಬೊಬ್ಬರಿಗೆ ತಿಂಗಳಿಗೊಮ್ಮೆ ಬರುತ್ತದೆ. ಗಂಡಸರು ಹೋಗಲಿ, ಮಕ್ಕಳನ್ನೂ ಕರೆದುಕೊಂಡು ಹೋಗಲಿ.

“ಅಲ್ಲಿ ಕುಳಿತವರೆಲ್ಲ ರೈತರೆಂದು ಹೇಗೆ ನಂಬುವುದು?” ಎಂದು ಇನ್ನೊಬ್ಬರು ಕೇಳಬಹುದು. ರೈತರ ನಡುವೆ ವ್ಯಾಪಾರಿ ನುಸುಳುವುದು ಯಾವ ಸಂತೆಗೂ ಹೊಸತಲ್ಲ. ಒಂದು ಗುರುತು ಹೇಳುತ್ತೇನೆ. ಬೆಳೆದವರ ಮುಂದೆ ಎರಡೋ ಮೂರೋ ಬಗೆಯ ಕಾಯಿ ಮಾತ್ರ ಇರುತ್ತದೆ. ಅದೂ ದೊಡ್ಡದು, ಚಿಕ್ಕದು, ಸೊಟ್ಟಗಿನದು ಎಲ್ಲ ಬೆರೆತು. ಯಾವಾಗ ನೆಟ್ಟಿರಿ, ಮಳೆ ಹೇಗಾಯಿತು ಎಂದು ಕೇಳಿ ನೋಡಿ. ವ್ಯಾಪಾರಿ ಬೆಲೆ ಹೇಳುತ್ತಾನೆ, ರೈತ ಮಳೆಯ ಕಥೆ ಹೇಳುತ್ತಾನೆ.

ನಮ್ಮ ಕಣ್ಣಿನ ದೋಷವೂ ಒಂದುಂಟು. ಹತ್ತಿರದ ಅನಕಾಪಲ್ಲಿ ದೇಶದ ದೊಡ್ಡ ಬೆಲ್ಲದ ಪೇಟೆಗಳಲ್ಲಿ ಒಂದು. ಬೆಲ್ಲ ಹೊನ್ನಿನ ಬಣ್ಣವಿರಬೇಕೆಂದು ನಾವು ಹಟ ಹಿಡಿಯುತ್ತೇವೆ. ಆದುದರಿಂದ ಬೇಯಿಸುವವರು ಹೈಡ್ರೋಸ್ ಎಂಬ ರಾಸಾಯನಿಕವನ್ನು ಹಾಕಿ ಬಿಳುಪು ಮಾಡುತ್ತಾರೆ. ನಮ್ಮ ಆಲೆಮನೆಗಳಲ್ಲಿ ಹಿಂದೆ ಬೆಂಡೆಗಿಡದ ಲೋಳೆಯಿಂದ ಕೊಳೆ ತೆಗೆಯುತ್ತಿದ್ದುದನ್ನು ಮಂಡ್ಯದ ಕಡೆಯವರು ಬಲ್ಲರು. ಕಪ್ಪು ಬೆಲ್ಲ ಬೇಕೆಂದು ಕೊಳ್ಳುವವರು ಬಾಯಿಬಿಟ್ಟು ಕೇಳಿದರೆ, ಮಾಡುವವರು ಸಂತೋಷದಿಂದ ಮಾಡಿಕೊಡುತ್ತಾರೆ. ಅವರಿಗೆ ರಾಸಾಯನಿಕದ ಖರ್ಚಾದರೂ ಉಳಿಯುತ್ತದೆ.

ಹಾಗೆಯೇ ಗಿರಿಜನ ಸಹಕಾರ ಸಂಸ್ಥೆ. ನಮ್ಮ ರಾಜ್ಯಗಳಂತೆ ಅದೂ 1956ರಲ್ಲಿ ಹುಟ್ಟಿದುದು. ಅದರ ಮುಖ್ಯ ಕಚೇರಿ ಇದೇ ವಿಶಾಖಪಟ್ಟಣದಲ್ಲಿದೆ. ಬೆಟ್ಟದವರು ತರುವ ಜೇನು, ಹುಣಿಸೆ, ಸೀಗೆ, ಕಾಫಿಯನ್ನು ಕೊಂಡು ನಮಗೆ ಮಾರುತ್ತದೆ. 2019ರಲ್ಲಿ ಅರಕು ಕಣಿವೆಯ ಕಾಫಿಗೂ, ನಮ್ಮ ಬಾಬಾಬುಡನ್‌ಗಿರಿಯ ಕಾಫಿಗೂ ಒಟ್ಟಿಗೇ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಚಿಕ್ಕಮಗಳೂರಿನವರು ಮುನಿಸಿಕೊಳ್ಳದಿದ್ದರೆ ಹೇಳುತ್ತೇನೆ: ಅರಕಿನ ಕಾಫಿಯೂ ಚೆನ್ನಾಗಿಯೇ ಇದೆ.

ಸಂಘದ ಮುಂದೆ ಮೂರು ಸಲಹೆಗಳನ್ನಿಟ್ಟು ಮುಗಿಸುತ್ತೇನೆ. ಒಂದು, ನಾಲ್ಕು ನಾಲ್ಕು ಮನೆಗಳು ಸೇರಿ ಭಾನುವಾರದ ಸರದಿ ಏರ್ಪಡಿಸಿಕೊಳ್ಳಲಿ. ಹಲಗೆಯ ಮೇಲೆ ಬರೆದ ಬೆಲೆಗೆ ಚೌಕಾಸಿ ಬೇಡ. ಎರಡು, ಸುಗ್ಗಿಯಲ್ಲಿ ಎಲ್ಲ ಮನೆಗಳಿಗೂ ಬೇಕಾಗುವ ಚೋಳ್ಳನ್ನು ಬೆಳೆದವರಿಂದಲೇ ಒಟ್ಟಾಗಿ ಕೊಳ್ಳೋಣ, ಬೆಲೆಯನ್ನು ಮೊದಲೇ ಮಾತಾಡಿಕೊಳ್ಳೋಣ. ಮೂರು, ಮುಂದಿನ ರಾಜ್ಯೋತ್ಸವದ ಊಟಕ್ಕೆ ತರಕಾರಿಯನ್ನು ಬೆಳೆದವರ ಕೈಯಿಂದಲೇ ತಂದು, ಅವರನ್ನೂ ನಮ್ಮ ಪಂಕ್ತಿಯಲ್ಲಿ ಕೂರಿಸೋಣ.

ನಮ್ಮ ಕಾರ್ಖಾನೆಯ ಮೂರನೆಯ ಊದುಕುಲುಮೆಗೆ ಅನ್ನಪೂರ್ಣ ಎಂದು ಹೆಸರಿಟ್ಟಿದ್ದಾರೆ. ಅದರ ದಯದಿಂದ ನಮ್ಮಲ್ಲಿ ಹಲವರು ಉಂಡೆವು. ಆ ಋಣವನ್ನು ನಾನು ಮರೆಯುವುದಿಲ್ಲ. ಆದರೆ ನನಗೆ ಮಜ್ಜಿಗೆ ಕೊಟ್ಟ ಅನ್ನಪೂರ್ಣೆ ಬೇರೆ. ಮುಂದಿನ ನವೆಂಬರಿನಲ್ಲಿ ನಾನೇ ಹೋಗಿ ಆಕೆಯನ್ನು ಕರೆತರುತ್ತೇನೆ. ಆಕೆಯ ಎಲೆಗೆ ಮುದ್ದೆ ಬಡಿಸಿ, “ಇದು ನಿಮ್ಮ ಚೋಳ್ಳೇ ಅಮ್ಮಾ” ಎಂದು ಹೇಳುವ ಭಾಗ್ಯ ನಮ್ಮ ಮಕ್ಕಳದಾಗಲಿ.

ಹುಳಿ ಆರುತ್ತಿದೆ. ಇನ್ನು ಏಳೋಣ.