ಬಾಳ್ಯಾನ ಪಾರ್ಟು ಯಾರಿಗೆ?



ನಮ್ಮ ಬೈಲಹೊಂಗಲ ಸೀಮೆಯಲ್ಲಿ ‘ಸಂಗ್ಯಾ-ಬಾಳ್ಯಾ’ ಆಟ ಒಂದು ರಾತ್ರಿ ನಡೆಯುತ್ತದೆ. ಅದರ ಮೇಲಿನ ವಾದ ಒಂದು ವಾರ ನಡೆಯುತ್ತದೆ. ಬೆಳಗಿನ ಜಾವಕ್ಕೆ ಹಿಮ್ಮೇಳದವರು ಮಂಗಳ ಹಾಡಿ ಡಪ್ಪು ತಾಳಗಳನ್ನು ಗಂಟು ಕಟ್ಟುವಾಗ, ಕಂಬಳಿ ಕೊಡವಿಕೊಂಡು ಎದ್ದ ಜನ ನೆಟ್ಟಗೆ ಮನೆಗೆ ಹೋಗುವುದಿಲ್ಲ. ಚಾದಂಗಡಿಯ ಮುಂದೆ ಗುಂಪುಗೂಡುತ್ತಾರೆ. ಅಲ್ಲಿ ಮೊದಲು ಹೊರಡುವ ಪ್ರಶ್ನೆ, ‘ಬಾಳ್ಯಾ ಹಂಗ ಮಾಡಬೇಕಿತ್ತೇನು?’ ಎಂಬುದು. ಅದರ ಬೆನ್ನಿಗೇ ಬರುವುದು, ‘ಆ ಹುಡುಗಗ ಬಾಳ್ಯಾನ ಪಾರ್ಟು ಕೊಟ್ಟಾವ್ರು ಯಾರು?’ ಎಂಬುದು. ಮೊದಲನೆಯದು ನೀತಿಯ ಪ್ರಶ್ನೆ, ಎರಡನೆಯದು ಪಾತ್ರ ಹಂಚಿಕೆಯ ಪ್ರಶ್ನೆ ಎಂದು ಮೇಲುನೋಟಕ್ಕೆ ತೋರುತ್ತದೆ. ಎರಡೂ ಒಂದೇ ಎಂದು ನನಗೆ ಬಹಳ ವರ್ಷಗಳಿಂದ ಅನಿಸುತ್ತ ಬಂದಿದೆ. ಆ ಅನಿಸಿಕೆಯನ್ನೇ ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಆಟವನ್ನು ಕಾಣದವರಿಗಾಗಿ ನಾಲ್ಕು ಮಾತು. ಉತ್ತರ ಕರ್ನಾಟಕದ ಬಯಲಾಟಗಳಲ್ಲಿ ದೊಡ್ಡಾಟ, ಸಣ್ಣಾಟ ಎಂದು ಎರಡು ಬಗೆ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ, ರಾಮಾಯಣ ಭಾರತಗಳ ವೀರರು. ಸಣ್ಣಾಟದವರು ನಮ್ಮ ನಿಮ್ಮಂಥ ಜನ. ನಮ್ಮ ನಿಮ್ಮಂತೆಯೇ ಧೋತರ, ರುಮಾಲು, ಇಲಕಲ್ಲ ಸೀರೆ ಉಟ್ಟವರು. ಓಣಿಯ ಕನ್ನಡವನ್ನೇ ಆಡುವವರು. ‘ಸಂಗ್ಯಾ-ಬಾಳ್ಯಾ’ ಸಣ್ಣಾಟಗಳಲ್ಲಿ ಹೆಸರಾದುದು. ಇಂಗ್ಲಿಷರ ಆಳಿಕೆಯ ಕಾಲದಲ್ಲಿ ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಕೊಲೆಯ ಕಥೆ ಇದು ಎಂದು ಜನ ಹೇಳುತ್ತ ಬಂದಿದ್ದಾರೆ. ಪತ್ತಾರ ಮಾಸ್ತರರು ಕಟ್ಟಿದ ಆಟವೆಂಬುದು ಪ್ರತೀತಿ. ಸಂಗ್ಯಾ ಉಂಡುಟ್ಟು ಸುಖವಾಗಿರುವ ತರುಣ. ಬಾಳ್ಯಾ ಅವನ ಜೀವದ ಗೆಳೆಯ. ಈರಣ್ಣ ವ್ಯಾಪಾರಿ, ಸಂಗ್ಯಾನನ್ನು ನಂಬಿದವನು. ಈರಣ್ಣನ ಹೆಂಡತಿ ಗಂಗಿಯನ್ನು ಕಂಡು ಸಂಗ್ಯಾ ಮರುಳಾಗುತ್ತಾನೆ. ಗಂಡ ವ್ಯಾಪಾರಕ್ಕೆಂದು ಊರು ಬಿಟ್ಟಾಗ ಪರಮ್ಮನೆಂಬ ಮುದುಕಿ ನಡುವೆ ನಿಂತು ಇಬ್ಬರನ್ನೂ ಕೂಡಿಸುತ್ತಾಳೆ. ಮೊದಲು ಒಲ್ಲೆನೆಂದ ಗಂಗಿ ಕೊನೆಗೆ ಒಲಿಯುತ್ತಾಳೆ. ಈರಣ್ಣನಿಗೆ ಸುದ್ದಿ ಮುಟ್ಟುತ್ತದೆ. ಆಮಿಷಕ್ಕೆ ಬಿದ್ದ ಬಾಳ್ಯಾ ಗೆಳೆಯನನ್ನು ಹಿಡಿದುಕೊಡುತ್ತಾನೆ, ಸಂಗ್ಯಾನ ಕೊಲೆಯಾಗುತ್ತದೆ. ಚಂದ್ರಶೇಖರ ಕಂಬಾರರು ಈ ಕಥೆಯನ್ನೆತ್ತಿಕೊಂಡು ತಮ್ಮದೇ ಬೇರೆ ನಾಟಕ ಬರೆದದ್ದು ಓದುಗರಿಗೆ ತಿಳಿದೇ ಇದೆ.

ನಾನು ಕಂಡ ಆಟಗಳಲ್ಲಿ ಕೊಲೆಯಾದ ಮೇಲೆ ಕೋರ್ಟು ಕೂಡಲಿಲ್ಲ, ಸಾಕ್ಷಿ ನುಡಿಯಲಿಲ್ಲ, ಶಿಕ್ಷೆಯಾಗಲಿಲ್ಲ. ಅಟ್ಟದ ಮೇಲೆ ಹೆಣ ಬಿದ್ದಲ್ಲಿಗೆ ಆಟ ಮುಗಿಯಿತು. ಉಳಿದ ಕೆಲಸ ಚಾದಂಗಡಿಯದು.

ಆ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಕೇಳಿಯೇ ಅರಿಯಬೇಕು. ‘ತಪ್ಪ ಮಾಡ್ಯಾನ, ಖರೆ. ತಪ್ಪಿಗೆ ದಂಡಾ ಹಾಕಬೇಕು, ಜೀವಾ ತಗೀಬೇಕೇನು?’ ಎಂದು ಒಬ್ಬ. ‘ಉಂಡ ಮನೀ ಜಂತಿ ಎಣಿಸಿದಾವ್ಗ ಮತ್ತೇನ ಆರತಿ ಮಾಡತಾರೇನು?’ ಎಂದು ಇನ್ನೊಬ್ಬ. ‘ಇಬ್ಬರನ್ನೂ ಬಿಡ್ರಿ, ಆ ಮುದಿಕೀನ್ನ ಮೊದಲ ಹಿಡೀರಿ’ ಎಂದು ಮೂರನೆಯವನು. ಈ ವಾದಗಳಲ್ಲಿ ಹೆಸರುಗಳನ್ನು ಗಮನಿಸಬೇಕು. ಮಾತನಾಡುವವನು ಗಂಡನ ಪಕ್ಷದವನಾದರೆ ಬಾಯಲ್ಲಿ ‘ಈರಣ್ಣ’ ಬರುತ್ತದೆ. ಕೊಲೆಯನ್ನು ಒಪ್ಪದವನಾದರೆ ಅದೇ ಮನುಷ್ಯ ‘ಈರ್ಯಾ’ ಆಗುತ್ತಾನೆ. ಸತ್ತವನಿಗಾಗಿ ಮರುಗುವ ಮುದುಕರು ‘ಸಂಗಣ್ಣ’ ಎಂದದ್ದನ್ನು ಕೇಳಿದ್ದೇನೆ. ಹೆಣ್ಣುಮಕ್ಕಳ ಗುಂಪಿನಲ್ಲಿ, ಅದೂ ತಗ್ಗಿದ ದನಿಯಲ್ಲಿ, ‘ಗಂಗವ್ವ’ ಎಂಬ ಮಾತು ಬಂದದ್ದುಂಟು. ಬಾಳ್ಯಾನನ್ನು ‘ಬಾಳಪ್ಪ’ ಎಂದವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ.

ಬೈಲಹೊಂಗಲದ ಒಂದು ಕಟ್ಟೆಯ ಮೇಲೆ ವಕೀಲರೊಬ್ಬರು ಈ ವಾದಕ್ಕೆ ಕಾಯಿದೆಯ ತಿರುವು ಕೊಟ್ಟದ್ದು ನೆನಪಿದೆ. 1860ರ ದಂಡಸಂಹಿತೆಯನ್ನು ಮುಂದಿಟ್ಟುಕೊಂಡು ಅವರು ಹೇಳಿದರು: ಕಣ್ಣಾರೆ ಕಂಡು, ಆ ಕ್ಷಣದ ಸಿಟ್ಟಿನಲ್ಲಿ ಕೈ ಎತ್ತಿದ್ದರೆ ಈರಣ್ಣನ ಅಪರಾಧಕ್ಕೆ ರಿಯಾಯಿತಿ ಸಿಕ್ಕೀತು, ಅವನು ಬಾಳ್ಯಾನನ್ನು ಒಲಿಸಿಕೊಂಡು ಹೊತ್ತು ನೋಡಿ ಹೊಡೆದವನು, ಆದ್ದರಿಂದ ಅದು ಶುದ್ಧ ಕೊಲೆ. ಪರಸ್ತ್ರೀಯ ಸಂಗಕ್ಕೆ ಆ ಸಂಹಿತೆಯ 497ನೆಯ ಕಲಮಿನಲ್ಲಿ ಐದು ವರ್ಷಗಳವರೆಗೆ ಸಜೆಯಿತ್ತು. ಅದೂ ಗಂಡಸಿಗೆ ಮಾತ್ರ. ಹೆಂಡತಿಯನ್ನು ಕುಮ್ಮಕ್ಕು ಕೊಟ್ಟವಳೆಂದು ಶಿಕ್ಷಿಸಕೂಡದೆಂದು ಅದರಲ್ಲಿಯೇ ಬರೆದಿತ್ತು. (ಆ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ರದ್ದುಪಡಿಸಿತು.) ಅಂದರೆ ಆ ಕಾಯಿದೆಯ ಪ್ರಕಾರ ಗಂಗಿ ಅಪರಾಧಿಯೇ ಅಲ್ಲ. ವಕೀಲರು ಇಷ್ಟು ಹೇಳಿದಾಗ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಎಲೆಯಡಿಕೆ ಉಗುಳಿ, ‘ನಿಮ್ಮ ಕೋರ್ಟ ಬ್ಯಾರೆ, ನಮ್ಮ ಕೋರ್ಟ ಬ್ಯಾರೆ’ ಎಂದರು. ಆ ಬೇರೆ ಕೋರ್ಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಾಳ್ಯಾನ ಮೇಲೆ ಮಾತ್ರ ನಮ್ಮ ಜನಕ್ಕೆ ಇಷ್ಟು ರೋಷವೇಕೆ? ಸಂಗ್ಯಾನದು ಕಾಮ, ಈರಣ್ಣನದು ಕ್ರೋಧ, ಅವೆರಡನ್ನೂ ಕ್ಷಮಿಸುವವರಿದ್ದಾರೆ. ದ್ರೋಹವನ್ನು ಕ್ಷಮಿಸುವವರಿಲ್ಲ. ಇದಕ್ಕೆ ನೆಲದ ನೆನಪೂ ಕಾರಣವಿರಬಹುದು. ಕಿತ್ತೂರು ಇಲ್ಲಿಂದ ಕೂಗಳತೆಯಲ್ಲಿದೆ. 1824ರ ಅಕ್ಟೋಬರದಲ್ಲಿ ಥ್ಯಾಕರೆಯನ್ನು ಕೆಡವಿದ ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಸೆರೆಯಾಳಾಗಿ ತೀರಿಕೊಂಡದ್ದು ಬೈಲಹೊಂಗಲದಲ್ಲಿ. ಆಕೆಯ ಸಮಾಧಿ ಇಲ್ಲಿಯೇ ಇದೆ. ಸಂಗೊಳ್ಳಿಯ ರಾಯಣ್ಣ ಸಿಕ್ಕಿಬಿದ್ದದ್ದು ಹಿಡಿದುಕೊಟ್ಟವರಿಂದ. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಕಿತ್ತೂರಿನ ನಾಟಕ ಎಲ್ಲಿಯೇ ಆಗಲಿ, ಮಲ್ಲಪ್ಪಶೆಟ್ಟಿಯ ವೇಷ ಅಟ್ಟ ಹತ್ತಿದರೆ ಮುಂದಿನ ಸಾಲಿನ ಹುಡುಗರು ಗದ್ದಲವೆಬ್ಬಿಸುತ್ತಾರೆ. 1961ರಲ್ಲಿ ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಚಿತ್ರ ಬಂದಾಗ ಬಿ. ಸರೋಜಾದೇವಿಯವರ ಚೆನ್ನಮ್ಮ ನಮ್ಮ ಕಡೆಯ ಮಾತು ಆಡಲಿಲ್ಲವೆಂದು ಗೊಣಗಿದವರಿದ್ದರು. ಆದರೂ ಆ ಕಣ್ಣುಗಳ ಕಿಡಿಯನ್ನು ಕಂಡು ಒಪ್ಪಿಕೊಂಡರು. ರಾಣಿಯ ಪಾತ್ರಕ್ಕೆ ದೂರದವರು ಸಲ್ಲುತ್ತಾರೆ. ದ್ರೋಹಿಯ ಪಾತ್ರದ ಮಾತು ಹಾಗಲ್ಲ. ಅವನನ್ನು ಊರು ತನ್ನೊಳಗಿನಿಂದಲೇ ಆರಿಸಬೇಕಾಗುತ್ತದೆ. ಇಲ್ಲಿಂದ ಇಕ್ಕಟ್ಟು ಸುರುವಾಗುತ್ತದೆ.

ನಾನು ಈ ಆಟವನ್ನು ಎಷ್ಟೋ ಸಲ ನೋಡಿದ್ದೇನೆ. ಎರಡು ಸಲದ ಬಾಳ್ಯಾರನ್ನು ಮರೆಯಲಾರೆ. ಸವದತ್ತಿಯ ಬಳಿಯ ಒಂದು ಹಳ್ಳಿಯಲ್ಲಿ ಬಾಳ್ಯಾನಾಗಿ ಬಂದವನು ದಪ್ಪ ಮೀಸೆಯ, ಗಟ್ಟಿ ಆಳು. ಸಂಗ್ಯಾನ ಹೆಗಲ ಮೇಲೆ ಅವನು ಕೈ ಹಾಕಿದರೇ ಮಂದಿ ಅನುಮಾನಪಡುತ್ತಿದ್ದರು. ಅಂದು ಬೆಳಿಗ್ಗೆ ಎಲ್ಲರ ತೀರ್ಪೂ ಒಂದೇ: ದುಡ್ಡಿನ ಆಸೆಗೆ ಗೆಳೆಯನನ್ನು ಮಾರಿದ. ಮುಂದೆ ಕೆಲವು ವರ್ಷಗಳಿಗೆ ರಾಮದುರ್ಗದ ಕಡೆ, ಮಲಪ್ರಭೆಯ ದಂಡೆಯ ಊರೊಂದರಲ್ಲಿ, ಇನ್ನೂ ಮೀಸೆ ಬಲಿಯದ ಸಣಕಲ ಹುಡುಗ ಬಾಳ್ಯಾನಾದ. ಸಂಗ್ಯಾನ ಚಪ್ಪಲಿಯನ್ನು ಅವನು ಎತ್ತಿಡುತ್ತಿದ್ದ, ಸಂಗ್ಯಾ ಉಂಡ ಮೇಲೆ ಉಣ್ಣುತ್ತಿದ್ದ. ಸಣ್ಣಾಟದಲ್ಲಿ ಪದಗಳು ಗಟ್ಟಿ, ನಡುವಿನ ಮಾತು ಮೇಳದಿಂದ ಮೇಳಕ್ಕೆ ಬದಲಾಗುತ್ತದೆ. ಆ ಮೇಳದ ಮಾಸ್ತರರು ಬಾಳ್ಯಾನ ಬಾಯಲ್ಲಿ, ‘ನಿನಗ ಬೇಡ ಬೇಡ ಅಂದ್ನೆಲ್ಲೋ’ ಎಂಬ ಮಾತನ್ನು ಮೂರು ಸಲ ಇಟ್ಟಿದ್ದರು. ಹುಡುಗ ಅದನ್ನು ಮೂರನೆಯ ಸಲ ಆಡಿದಾಗ ಜನ ಮೌನವಾದರು. ಮರುದಿನ ಚಾದಂಗಡಿಯಲ್ಲಿ ಹೊಸ ಪ್ರಶ್ನೆ ಹುಟ್ಟಿತ್ತು: ಗೆಳೆಯರೆಂದರೆ ಇಬ್ಬರೂ ಸಮಾನರಿದ್ದರೇನು? ಪದ ಅದೇ, ಕಥೆ ಅದೇ, ಹೆಣವೂ ಅದೇ. ಒಬ್ಬ ಹುಡುಗನ ತೆಳ್ಳನೆಯ ತೋಳುಗಳು ತೀರ್ಪನ್ನು ಅಲ್ಲಾಡಿಸಿದ್ದವು. ‘ಹಿಂತಾ ಹುಡುಗಗ ಆ ಪಾರ್ಟು ಕೊಡಬಾರದಿತ್ತು, ಮಂದಿ ಬಾಳ್ಯಾಗ ಮರಗತಾರ’ ಎಂದು ಒಬ್ಬ ಹಿರಿಯರು ಮಾಸ್ತರರ ಮೇಲೆ ಸಿಟ್ಟಾದದ್ದನ್ನು ಕೇಳಿ, ನಮ್ಮ ವಿಮರ್ಶಕರಲ್ಲಿ ಇಷ್ಟು ಸೂಕ್ಷ್ಮ ಎಷ್ಟು ಜನರಿಗಿದ್ದೀತು ಎಂದುಕೊಂಡೆ.

ಇದು ಹಳ್ಳಿಯ ಅಟ್ಟಕ್ಕಷ್ಟೇ ಸೀಮಿತವಾದ ಜಗಳವಲ್ಲ. ನಮ್ಮ ಮನೆಯ ಕಾಲೇಜು ಹುಡುಗರು ಮೊಬೈಲಿನಲ್ಲಿ ಅಮೆರಿಕದ ಒಂದು ಧಾರಾವಾಹಿಯನ್ನು ನೋಡಿ ಇಂಥದೇ ವಾದ ಹೂಡಿದ್ದರು. ‘ಬೋರ್ಡ್‌ವಾಕ್ ಎಂಪೈರ್’ ಎಂದು ಅದರ ಹೆಸರು. 2010ರಿಂದ 2014ರವರೆಗೆ ಪ್ರಸಾರವಾದದ್ದು. ಸಾರಾಯಿ ನಿಷೇಧವಾಗಿದ್ದ 1920ರ ದಶಕದಲ್ಲಿ ಅಟ್ಲಾಂಟಿಕ್ ಸಿಟಿಯನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಧಣಿಯೊಬ್ಬನ ಕಥೆ. ಆ ನಿಜವಾದ ಧಣಿ, ನಕಿ ಜಾನ್ಸನ್, ಎತ್ತರದ ಭಾರಿ ಆಳು. ಪಾತ್ರ ಮಾಡಿದ ಸ್ಟೀವ್ ಬುಸೆಮಿ ಸಣಕಲ ಮನುಷ್ಯ. ‘ಇವನನ್ನ ನೋಡಿದ್ರ ಯಾರರೆ ಅಂಜತಾರೇನು?’ ಎಂದು ಒಬ್ಬ ಹುಡುಗ. ‘ಮೈಯಾಗ ಕಸುವು ಇಲ್ಲದಾವ್ನs ತಲೀಲೆ ಆಳತಾನ’ ಎಂದು ಇನ್ನೊಬ್ಬ. ಅದರಲ್ಲಿಯೂ ಮಗನಂತೆ ಬೆಳೆಸಿದ ತರುಣನನ್ನು ಧಣಿ ತಾನೇ ಗುಂಡಿಟ್ಟು ಕೊಲ್ಲುತ್ತಾನೆ. ಅದರ ಮೇಲೆ ಮನೆಯಲ್ಲಿ ಎರಡು ದಿನ ಮಾತುಕತೆ ನಿಂತಿರಲಿಲ್ಲ. ನನಗೆ ಮುಖ್ಯವೆನಿಸಿದ್ದು ಬೇರೊಂದು ಸಂಗತಿ. ಅದನ್ನು ತಯಾರಿಸಿದವರು ಜಾನ್ಸನ್ ಎಂಬ ಅಡ್ಡಹೆಸರನ್ನು ಥಾಂಪ್ಸನ್ ಎಂದು ಬದಲಿಸಿಕೊಂಡರು, ಕಥೆಯನ್ನು ಬೇಕಾದಂತೆ ನಡೆಸಲು ಅನುಕೂಲವಾಗಲೆಂದು. ನಮ್ಮ ಆಟದವರು ಹಾಗೆ ಮರೆ ಮಾಡಿಕೊಳ್ಳಲಿಲ್ಲ. ಆ ಸಂಗ್ಯಾ, ಆ ಗಂಗಿ, ಆ ಊರು ಎಂದೇ ಜನ ತಲೆಮಾರುಗಳಿಂದ ನೋಡಿದರು. ಮರೆ ಇಲ್ಲದಲ್ಲಿ ಪೆಟ್ಟು ಯಾರಿಗಾದರೂ ತಾಗಲೇಬೇಕು.

ಅದು ತಾಗಿದ್ದು ಗಂಗಿಯ ಪಾತ್ರಕ್ಕೆ. ಹಿಂದೆ ಗಂಗಿಯಾಗಿ ಬರುತ್ತಿದ್ದವರು ಗಂಡಸರು. ನಮ್ಮ ಕಡೆ ಹೆಣ್ಣುವೇಷವೆಂದರೆ ದೊಡ್ಡ ವಿದ್ಯೆ. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ನೂರನ್ನು ದಾಟಿ ಬಾಳಿ, 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ಹರೆಯದಲ್ಲಿ ಹೆಣ್ಣು ಪಾತ್ರಗಳನ್ನು ಮಾಡಿದವರೇ. ಆಮೇಲೆ ಅವರು ಬಸವಣ್ಣನಾಗಿ ರಂಗಕ್ಕೆ ಬಂದಾಗ ಜನ ಕೈಮುಗಿದರು. ಗಂಡಸು ಗಂಗಿಯಾದಾಗ ಮಂದಿ ಬೈದದ್ದು ಗಂಗಿಯನ್ನು. ಬೆಳಗಾದ ಮೇಲೆ ಆ ಗಂಡಸು ರುಮಾಲು ಸುತ್ತಿಕೊಂಡು ಹೊಲಕ್ಕೆ ಹೋಗುತ್ತಿದ್ದ, ‘ಏನ ನಿರಿಗಿ ಹಿಡದಿದ್ಯೋ ಮಾರಾಯಾ’ ಎಂದು ಗೆಳೆಯರು ಬೆನ್ನು ತಟ್ಟುತ್ತಿದ್ದರು. ಬಯ್ಗುಳ ವೇಷದೊಂದಿಗೆ ಗಂಟು ಸೇರುತ್ತಿತ್ತು.

ಕಾಲಕ್ರಮದಲ್ಲಿ ಹೆಣ್ಣುಮಕ್ಕಳು ಅಟ್ಟ ಹತ್ತಿದರು. ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಕೌಜಲಗಿಯ ನಿಂಗಮ್ಮನವರಂಥವರು ಗಳಿಸಿದ ಹೆಸರು ನಾಡಿಗೆಲ್ಲ ಗೊತ್ತಿದೆ. ಆದರೆ ಸತ್ಯಭಾಮೆಯ ಪಾತ್ರವೇ ಬೇರೆ, ಗಂಗಿಯ ಪಾತ್ರವೇ ಬೇರೆ. ಒಮ್ಮೆ ಗಂಗಿಯಾಗಿ ರಾತ್ರಿಯಿಡೀ ಹಾಡಿದ ಹೆಣ್ಣುಮಗಳೊಬ್ಬಳು ಬೆಳಿಗ್ಗೆ ನೀರಿಗೆಂದು ಬಂದಾಗ, ಅಲ್ಲಿದ್ದ ಇಬ್ಬರು ಗೃಹಿಣಿಯರು ಕೊಡ ಎತ್ತಿಕೊಂಡು ಸರಿದು ಹೋದದ್ದನ್ನು ಕಂಡಿದ್ದೇನೆ. ಹುಡುಗನೊಬ್ಬ ದೂರದಿಂದ ‘ಗಂಗೀ’ ಎಂದು ಕೂಗಿ ಓಡಿದ. ಆಕೆ ತಿರುಗಿ ನೋಡಲಿಲ್ಲ. ಕೊಡ ತುಂಬಿಸಿಕೊಂಡು ಬಿಡಾರದ ಕಡೆ ನಡೆದಳು. ಹಿಂದಿನ ರಾತ್ರಿ ಆಕೆ ಒಲ್ಲೆನೆನ್ನುವ ಪದವನ್ನು ಹಾಡುವಾಗ, ‘ಇಕೀ ಒಲ್ಲೆ ಅಂದದ್ದು ಖರೆ ಐತಿ’ ಎಂದು ಹೆಣ್ಣುಮಕ್ಕಳ ಕಡೆಯಿಂದ ಮಾತು ಕೇಳಿಬಂದಿತ್ತು. ಗಂಡಸರ ವೇಷದಲ್ಲಿ ಆ ‘ಒಲ್ಲೆ’ ಒಯ್ಯಾರವಾಗಿ ಕೇಳಿಸುತ್ತಿತ್ತು. ಹೆಣ್ಣಿನ ದನಿಯಲ್ಲಿ ಅದು ಅಂಜಿಕೆಯಾಗಿ ಕೇಳಿಸಿತು. ಗಂಗಿಗೆ ಇಷ್ಟು ನ್ಯಾಯವನ್ನು ದೊರಕಿಸಿಕೊಟ್ಟವಳಿಗೆ ಬೆಳಿಗ್ಗೆ ಸಿಕ್ಕ ತೀರ್ಪು ಅದು. ಹಿರಿಯರು ಅಂದ ಬೇರೆ ಕೋರ್ಟು ಇದೇ ಇರಬೇಕು. 497ನೆಯ ಕಲಮು ಬಿಟ್ಟವಳನ್ನು ಅದು ಹಿಡಿಯಿತು, ಅದೂ ಅವಳ ಬದಲಿಗೆ ನಿಂತವಳನ್ನು.

ಹೀಗಾಗಿ ಪಾತ್ರ ಹಂಚುವ ಮಾಸ್ತರರ ಕಷ್ಟವನ್ನು ಯಾರೂ ಲಘುವಾಗಿ ಕಾಣಬಾರದು. ಸಂಗ್ಯಾನ ಪಾತ್ರಕ್ಕೆ ತಾಲೀಮಿನ ಮೊದಲ ದಿನವೇ ಪೈಪೋಟಿ. ಕಂಠವಿದ್ದವನಿಗೆ ಆಯೇರಿ ಬೀಳುತ್ತದೆ, ಸತ್ತ ಮೇಲೆ ಕಣ್ಣೀರೂ ಸಿಗುತ್ತದೆ. ಈರಣ್ಣನಿಗೆ ಗತ್ತು ಇದ್ದರೆ ಸಾಕು. ಪರಮ್ಮನ ಪಾತ್ರವನ್ನು ಯಾರಾದರೊಬ್ಬ ನಗೆಗಾರ ಹಟಮಾಡಿ ಇಸಿದುಕೊಳ್ಳುತ್ತಾನೆ. ಬಾಳ್ಯಾನಿಗೆ ಆಯೇರಿ ಬಂದರೆ ಮೊದಲರ್ಧದಲ್ಲಿ. ಗೆಳೆಯನನ್ನು ಹಿಡಿದುಕೊಟ್ಟ ಮೇಲೆ ಅವನ ಹೆಸರಿನಲ್ಲಿ ಹತ್ತು ರೂಪಾಯಿ ಕೂಗಿಸಿದವರನ್ನು ನಾನು ನೋಡಿಲ್ಲ.

ಇತ್ತೀಚೆಗೆ ಕಿತ್ತೂರಿನ ಬಳಿಯ ಮೇಳವೊಂದರ ಮಾಸ್ತರರು ಭೆಟ್ಟಿಯಾಗಿದ್ದರು. ಜಾತ್ರೆಗೆ ಆಟ ಗೊತ್ತಾಗಿದೆ, ಗಂಗಿ ಸಿಕ್ಕಿದ್ದಾಳೆ, ಪೆಟ್ಟಿಗೆ ಬಾರಿಸುವವರು ಸಿಕ್ಕಿದ್ದಾರೆ; ಬಾಳ್ಯಾ ಸಿಕ್ಕಿಲ್ಲ. ಒಂಬತ್ತು ವರ್ಷ ಆ ಪಾತ್ರ ಮಾಡಿದವನು ಈ ಸಲ ಒಲ್ಲೆನೆಂದನಂತೆ. ಮಗಳಿಗೆ ವರ ನೋಡುತ್ತಿದ್ದಾರೆ. ಬೀಗರಾಗುವವರು ಅದೇ ಜಾತ್ರೆಗೆ ಬರುವವರಿದ್ದಾರೆ. ಮಾಸ್ತರರು ಎಷ್ಟು ಹೇಳಿದರೂ ಅವನು, ‘ಬೇಕಾದ್ರ ಈರಣ್ಣನ ಪಾರ್ಟು ಕೊಡ್ರಿ, ಖೂನಿ ಮಾಡತೀನಿ’ ಎಂದನೇ ಹೊರತು ಬಾಳ್ಯಾನಿಗೆ ಒಪ್ಪಲಿಲ್ಲ. ಕಡೆಗೆ ರಾಮದುರ್ಗದ ಕಡೆಯಿಂದ ಒಬ್ಬನನ್ನು ಕರೆಸಲು ವೀಳ್ಯ ಕಳಿಸಿದ್ದಾರೆ. ಅವನು ಎರಡರಷ್ಟು ಕೇಳಿದ್ದಾನಂತೆ. ಜೊತೆಗೆ, ಆಟ ಮುಗಿದೊಡನೆ ಬೆಳಗಾಗುವ ಮೊದಲೇ ಬಸ್‌ಸ್ಟ್ಯಾಂಡಿಗೆ ಮುಟ್ಟಿಸಬೇಕೆಂದು ಕರಾರು ಹಾಕಿದ್ದಾನಂತೆ.